ಟ್ಯೂಬ್ ತೆಗೆಯಬೇಕಾ, ಉಳಿಸಬೇಕಾ? ಎಕ್ಟೋಪಿಕ್ ಬಸಿರಿನ ಆಪರೇಷನ್‌ಗಳನ್ನು ಹೋಲಿಸಿ ನೋಡೋಣ

ಮಳೆಗಾಲದ ಒಂದು ಸಂಜೆ. ಹಾಸನದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರ್ ಬಾಗಿಲ ಮುಂದೆ ನನ್ನ ತಂಗಿ ಸ್ಟ್ರೆಚರ್ ಮೇಲೆ ಮಲಗಿದ್ದಳು. ಬಸಿರು ಗರ್ಭಕೋಶದಲ್ಲಿ ಕೂರದೆ ಗರ್ಭನಾಳದಲ್ಲಿ, ಅಂದರೆ ಟ್ಯೂಬಿನಲ್ಲಿ, ಕೂತಿತ್ತು. ನರ್ಸ್ ಒಪ್ಪಿಗೆ ಪತ್ರ ತಂದು ಅವಳ ಕೈಗೆ ಪೆನ್ನು ಕೊಟ್ಟರು. ಅಚ್ಚಾದ ಸಾಲುಗಳ ಕೆಳಗೆ ಡಾಕ್ಟರ್ ಕೈಯಲ್ಲಿ ಬರೆದಿದ್ದರು: ‘ಬಲಗಡೆ ಟ್ಯೂಬ್ ತೆಗೆಯಬೇಕಾಗಬಹುದು. ಹೊಟ್ಟೆ ತೆರೆಯಬೇಕಾಗಬಹುದು.’ ತಂಗಿ ಅದನ್ನು ಎರಡು ಸಲ ಓದಿದಳು. ಆಮೇಲೆ ನನ್ನ ಮುಖ ನೋಡಿ, ‘ಅಕ್ಕ, ಟ್ಯೂಬ್ ತೆಗೆದರೆ ಮುಂದೆ ಮಕ್ಕಳಾಗಲ್ವಾ?’ ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಭಾವನಿಗೂ ಗೊತ್ತಿರಲಿಲ್ಲ. ಅವಳು ಹಾಗೇ ಸಹಿ ಹಾಕಿದಳು.

ಆ ಹತ್ತು ನಿಮಿಷದಲ್ಲಿ ನಮಗೆ ಏನೇನು ಗೊತ್ತಿರಬೇಕಿತ್ತೋ ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆಮೇಲಿನ ತಿಂಗಳುಗಳಲ್ಲಿ ಡಾಕ್ಟರುಗಳನ್ನು ಕೇಳಿ ಕೇಳಿ, ಓದಿ ಓದಿ ತಿಳಿದುಕೊಂಡವಳು. ನಿಮ್ಮ ಸ್ಥಿತಿ ಹೇಗಿದೆ ಅಂತ ಹೇಳಬೇಕಾದವರು ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರೇ. ಆದರೆ ಅವರು ಹೇಳಿದ್ದು ಅರ್ಥವಾಗಬೇಕಾದರೆ, ಅವರನ್ನು ಸರಿಯಾದ ಪ್ರಶ್ನೆ ಕೇಳಬೇಕಾದರೆ, ಒಂದಿಷ್ಟು ಮೊದಲೇ ಗೊತ್ತಿರಬೇಕು.

ಒಂದು ಮಾತು ಎಲ್ಲಕ್ಕಿಂತ ಮುಂಚೆ. ತಿಂಗಳು ತಪ್ಪಿದೆ ಅಥವಾ ಮುಟ್ಟು ಎಂದಿನಂತೆ ಆಗಿಲ್ಲ, ಹೊಟ್ಟೆಯ ಕೆಳಭಾಗದಲ್ಲಿ ಒಂದು ಕಡೆ ನೋವು, ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿದೆ, ತಲೆ ಸುತ್ತುತ್ತಿದೆ, ಎದ್ದರೆ ಕಣ್ಣು ಕತ್ತಲೆ ಬರುತ್ತಿದೆ, ಹೆಗಲ ತುದಿಯಲ್ಲಿ ನೋವು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಹೆಗಲಿಗೂ ಬಸಿರಿಗೂ ಏನು ಸಂಬಂಧ ಅನಿಸಬಹುದು. ಟ್ಯೂಬ್ ಒಡೆದು ಹೊಟ್ಟೆಯೊಳಗೆ ಸುರಿದ ರಕ್ತ ಮೇಲೆ ಹೋಗಿ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಅನ್ನುವ ಪದರಕ್ಕೆ ತಾಗಿದರೆ ಆ ನೋವು ಹೆಗಲಲ್ಲಿ ಗೊತ್ತಾಗುತ್ತದೆ. ನನ್ನ ತಂಗಿಗೆ ಹಿಂದಿನ ದಿನವೇ ಹೆಗಲು ನೋಯುತ್ತಿತ್ತು. ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿದ್ದರು. ಕೊನೆಯ ಮುಟ್ಟು ಯಾವಾಗ ಆಗಿತ್ತು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಇಷ್ಟು ದಿನವಾದರೂ ಆ ಬೇಸರ ಹೋಗಿಲ್ಲ.

ಏನಿದು ಎಕ್ಟೋಪಿಕ್?

ಅಂಡ ಮತ್ತು ವೀರ್ಯಾಣು ಸೇರುವುದು ಗರ್ಭನಾಳದಲ್ಲಿ. ನಾವೆಲ್ಲ ಟ್ಯೂಬ್ ಅನ್ನುವುದು ಅದನ್ನೇ. ಗರ್ಭಕೋಶದ ಎರಡೂ ಕಡೆ ಒಂದೊಂದು ಇರುತ್ತದೆ. ಅಲ್ಲಿ ಕೂಡಿಕೊಂಡ ಅಂಡ ಮೆಲ್ಲಗೆ ಉರುಳುತ್ತಾ ಗರ್ಭಕೋಶಕ್ಕೆ ಬಂದು ಕೂರಬೇಕು. ದಾರಿಯಲ್ಲೇ ನಿಂತು ಅಲ್ಲೇ ಬೇರು ಬಿಟ್ಟರೆ ಅದು ಎಕ್ಟೋಪಿಕ್. ನೂರು ಬಸಿರಿನಲ್ಲಿ ಒಂದೋ ಎರಡೋ ಹೀಗಾಗುತ್ತವೆ. ಹೀಗಾದವುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಟ್ಯೂಬಿನಲ್ಲೇ ಇರುತ್ತವೆ.

ಗರ್ಭಕೋಶದ ಗೋಡೆ ಹಿಗ್ಗುತ್ತದೆ, ಟ್ಯೂಬಿನ ಗೋಡೆ ಹಾಗೆ ಹಿಗ್ಗುವುದಿಲ್ಲ. ಬಸಿರು ಬೆಳೆದಂತೆ ಒಂದು ದಿನ ಟ್ಯೂಬ್ ಒಡೆಯಬಹುದು. ಈ ಬಸಿರನ್ನು ಕಿತ್ತು ಗರ್ಭಕೋಶದಲ್ಲಿ ನೆಡಲು ಆಗುವುದಿಲ್ಲ. ಅದನ್ನು ಉಳಿಸುವ ದಾರಿ ಯಾವ ದೇಶದಲ್ಲೂ ಇಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ನಮ್ಮ ಮನೆಯಲ್ಲೂ ‘ಇನ್ನೊಂದು ದಿನ ಕಾದು ನೋಡೋಣವಾ’ ಅನ್ನುವ ಮಾತು ಬಂತು. ಕಾದಿದ್ದರೆ ತಂಗಿ ಉಳಿಯುತ್ತಿರಲಿಲ್ಲ.

ಯಾಕೆ ಹೀಗಾಗುತ್ತದೆ? ಹಿಂದೆ ಟ್ಯೂಬಿಗೆ ಸೋಂಕು ತಗುಲಿ ಒಳಗೆ ಕಲೆ ಉಳಿದಿರಬಹುದು. ನಮ್ಮ ದೇಶದಲ್ಲಿ ಟಿಬಿ ಟ್ಯೂಬಿಗೂ ಬರುತ್ತದೆ. ಮೊದಲು ಒಂದು ಎಕ್ಟೋಪಿಕ್ ಆಗಿರಬಹುದು, ಟ್ಯೂಬಿನ ಆಪರೇಷನ್ ಆಗಿರಬಹುದು, ಬೀಡಿ ಸಿಗರೇಟಿನ ಅಭ್ಯಾಸ ಇರಬಹುದು. ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ. ಪರಂಗಿ ಹಣ್ಣು ತಿಂದದ್ದರಿಂದ, ಸ್ಕೂಟರಿನಲ್ಲಿ ಓಡಾಡಿದ್ದರಿಂದ, ಬಿಂದಿಗೆ ಎತ್ತಿದ್ದರಿಂದ ಬಸಿರು ಟ್ಯೂಬಿನಲ್ಲಿ ಕೂರುವುದಿಲ್ಲ. ಈ ಸಾಲನ್ನು ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ. ಆಪರೇಷನ್ ಆಗಿ ಮಲಗಿದವಳ ತಲೆದಿಂಬಿನ ಹತ್ತಿರ ನಿಂತು ‘ಆವತ್ತೇ ಹೇಳಿದ್ದೆ’ ಅನ್ನುವವರು ಎಲ್ಲ ಮನೆಯಲ್ಲೂ ಇರುತ್ತಾರೆ.

ಆಪರೇಷನ್ ಬೇಕೇ ಬೇಕಾ?

ಎಲ್ಲರಿಗೂ ಬೇಕಿಲ್ಲ. ಬೇಗ ಪತ್ತೆಯಾದರೆ ಮೆಥೋಟ್ರೆಕ್ಸೇಟ್ ಅನ್ನುವ ಇಂಜೆಕ್ಷನ್ನಿನಲ್ಲೇ ಬಸಿರು ಕರಗಬಹುದು. ರಕ್ತದಲ್ಲಿ ಬೀಟಾ ಎಚ್‌ಸಿಜಿ ಅನ್ನುವ ಬಸಿರಿನ ಹಾರ್ಮೋನು ತಾನಾಗಿಯೇ ಇಳಿಯುತ್ತಿದ್ದರೆ ಕೆಲವರಿಗೆ ಔಷಧಿಯೂ ಇಲ್ಲದೆ ಸುಮ್ನೆ ಕಾಯುತ್ತಾರೆ. ಹಾಗಾಗಿ ಟ್ಯೂಬ್ ಒಡೆದಿಲ್ಲ, ನೋವು ಜಾಸ್ತಿ ಇಲ್ಲ ಅಂದರೆ ‘ಇಂಜೆಕ್ಷನ್ನಿನಲ್ಲಿ ಆಗುತ್ತಾ ಡಾಕ್ಟ್ರೇ?’ ಅಂತ ಖಂಡಿತ ಕೇಳಿ.

ಆಗುವುದಿಲ್ಲ ಅಂತ ಅವರು ಹೇಳಿದರೆ ಕಾರಣಗಳು ಹೆಚ್ಚು ಕಡಿಮೆ ಇವೇ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯ ಪ್ರಕಾರ ಬಸಿರಿನ ಗಂಟು 35 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ, ಸ್ಕ್ಯಾನಿನಲ್ಲಿ ಹೃದಯ ಬಡಿತ ಕಂಡರೆ, ಬೀಟಾ ಎಚ್‌ಸಿಜಿ 5000 ಮುಟ್ಟಿದ್ದರೆ ಅಥವಾ ದಾಟಿದ್ದರೆ, ಇಲ್ಲವೇ ನೋವು ಜೋರಾಗಿದ್ದರೆ ಆಪರೇಷನ್ನೇ ಮೊದಲ ಆಯ್ಕೆ. ಅದೇ ಪಟ್ಟಿಯಲ್ಲಿ ಇನ್ನೊಂದಿದೆ. ಇಂಜೆಕ್ಷನ್ ಆದ ಮೇಲೆ ತಪಾಸಣೆಗೆ ಮತ್ತೆ ಮತ್ತೆ ಬರಲು ಆಗದವರಿಗೂ ಆಪರೇಷನ್ನೇ. ಇದು ನಮ್ಮ ಕಡೆಯವರು ಗಮನಿಸಬೇಕಾದ ಮಾತು. ಇಂಜೆಕ್ಷನ್ ಕೊಟ್ಟ 4ನೇ ದಿನ, 7ನೇ ದಿನ ರಕ್ತ ಪರೀಕ್ಷೆ ಆಗಬೇಕು. ಅಷ್ಟು ಹೊತ್ತಿಗೆ ಸರಿಯಾಗಿ ಇಳಿದಿದ್ದರೂ ಪೂರ್ತಿ ಇಳಿಯುವ ತನಕ ವಾರ ವಾರ ಮಾಡಿಸಬೇಕು. ಇಂಜೆಕ್ಷನ್ ಆದ ಮೇಲೂ ಟ್ಯೂಬ್ ಒಡೆಯಬಹುದು. ದಿನಕ್ಕೆ ಎರಡೇ ಬಸ್ಸು ಬರುವ ಊರಿನಲ್ಲಿ ರಾತ್ರಿ ಹನ್ನೆರಡಕ್ಕೆ ಹಾಗಾದರೆ ಏನು ಮಾಡುವುದು? ಅದನ್ನೂ ಯೋಚಿಸಿಯೇ ತೀರ್ಮಾನ ಮಾಡಬೇಕು.

ಇಲ್ಲಿಂದ ಮುಂದೆ ಆಪರೇಷನ್ ಖಚಿತ ಆದವರಿಗೆ.

ಎರಡು ಪ್ರಶ್ನೆಗಳನ್ನು ಕಲಸಬೇಡಿ

ಕಾರಿಡಾರಿನಲ್ಲಿ ನಾವು ಮಾಡಿದ ತಪ್ಪು ಇದೇ. ‘ದೊಡ್ಡ ಆಪರೇಷನ್ ಅಂದರೆ ಟ್ಯೂಬ್ ತೆಗೀತಾರೆ, ಲ್ಯಾಪ್ರೋಸ್ಕೋಪಿ ಅಂದರೆ ಉಳಿಸ್ತಾರೆ’ ಅಂದುಕೊಂಡಿದ್ದೆವು. ದೊಡ್ಡ ಆಪರೇಷನ್ ಅಂದರೆ ಹೊಟ್ಟೆ ಕೊಯ್ದು ಮಾಡುವುದು, ಲ್ಯಾಪ್ರೋಸ್ಕೋಪಿ ಅಂದರೆ ಚಿಕ್ಕ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವುದು. ಹಾಗಲ್ಲ. ಒಳಗೆ ಹೇಗೆ ಹೋಗುತ್ತಾರೆ ಅನ್ನುವುದು ಒಂದು ಪ್ರಶ್ನೆ. ಒಳಗೆ ಹೋದ ಮೇಲೆ ಟ್ಯೂಬಿಗೆ ಏನು ಮಾಡುತ್ತಾರೆ ಅನ್ನುವುದು ಬೇರೆ ಪ್ರಶ್ನೆ. ಲ್ಯಾಪ್ರೋಸ್ಕೋಪಿಯಲ್ಲೂ ಟ್ಯೂಬ್ ತೆಗೆಯಬಹುದು, ಹೊಟ್ಟೆ ಕೊಯ್ದು ಮಾಡಿದಾಗಲೂ ಉಳಿಸಬಹುದು.

ಒಳಗೆ ಹೋಗುವ ದಾರಿ: ಲ್ಯಾಪ್ರೋಸ್ಕೋಪಿನಾ, ಹೊಟ್ಟೆ ತೆರೆಯುವುದಾ?

ಲ್ಯಾಪ್ರೋಸ್ಕೋಪಿಯಲ್ಲಿ ಹೊಕ್ಕುಳದ ಹತ್ತಿರ ಸುಮಾರು ಒಂದು ಸೆಂಟಿಮೀಟರ್ ತೂತು, ಕೆಳಗೆ ಇನ್ನೆರಡು ಚಿಕ್ಕ ತೂತು. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ, ಕ್ಯಾಮೆರಾ ಇಳಿಸಿ ಟಿವಿ ಪರದೆ ನೋಡುತ್ತಾ ಆಪರೇಷನ್ ಮಾಡುತ್ತಾರೆ. ಪೂರ್ತಿ ಅರಿವಳಿಕೆ ಬೇಕು. ಹೊಟ್ಟೆ ತೆರೆಯುವ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಸಿಸೇರಿಯನ್ ಗಾಯದ ಜಾಗದಲ್ಲೇ ಅಡ್ಡಕ್ಕೆ ಕೊಯ್ಯುತ್ತಾರೆ.

ಎರಡನ್ನೂ ಹೋಲಿಸಿದ ಅಧ್ಯಯನಗಳು ಹೇಳುವುದು ಸ್ಪಷ್ಟವಾಗಿದೆ. ಲ್ಯಾಪ್ರೋಸ್ಕೋಪಿಯಲ್ಲಿ ರಕ್ತ ಕಡಿಮೆ ಹೋಗುತ್ತದೆ, ನೋವಿನ ಔಷಧಿ ಕಡಿಮೆ ಸಾಕು, ಬೇಗ ಮನೆಗೆ ಹೋಗಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಡಿಸ್ಚಾರ್ಜ್, ಎರಡು ವಾರದ ಹೊತ್ತಿಗೆ ಮನೆಯ ಹಗುರ ಕೆಲಸ. ಹೊಟ್ಟೆ ತೆರೆದರೆ ಆಸ್ಪತ್ರೆಯಲ್ಲಿ ಇನ್ನೂ ಕೆಲವು ದಿನ, ಪೂರ್ತಿ ಸುಧಾರಿಸಲು ಸುಮಾರು ಆರು ವಾರ. ಕೂಲಿಗೆ ಹೋಗುವವರಿಗೆ, ಚಿಕ್ಕ ಮಗು ಎತ್ತಬೇಕಾದವರಿಗೆ ಈ ವಾರಗಳ ವ್ಯತ್ಯಾಸ ಸಣ್ಣ ವಿಷಯವಲ್ಲ. ಹಾಗಾಗಿ ಸೌಲಭ್ಯ ಇದ್ದು, ಕೈ ಪಳಗಿದವರಿದ್ದು, ಬಿಪಿ ಸ್ಥಿರವಾಗಿದ್ದರೆ ಲ್ಯಾಪ್ರೋಸ್ಕೋಪಿಯೇ ಒಳ್ಳೆಯದು.

ಆದರೆ ಬಿಪಿ ಇಳಿಯುತ್ತಿದ್ದರೆ ಲೆಕ್ಕ ಬೇರೆ. ಹೊಟ್ಟೆಗೆ ಗ್ಯಾಸ್ ತುಂಬಿದಾಗ ಒತ್ತಡ ಬಿದ್ದು ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಬಹುದು. ಮೊದಲೇ ರಕ್ತ ಕಳೆದುಕೊಂಡವಳಿಗೆ ಅದು ಇನ್ನೊಂದು ಪೆಟ್ಟು. ಹೊಟ್ಟೆ ತೆರೆದರೆ ಬೇಗ ಟ್ಯೂಬ್ ಕೈಗೆ ಸಿಗುತ್ತದೆ, ಹಿಡಿದು ಅದುಮಿದರೆ ರಕ್ತ ನಿಲ್ಲುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ನುರಿತ ತಂಡ ಇದ್ದರೆ ಇಂಥ ಸ್ಥಿತಿಯಲ್ಲೂ ಲ್ಯಾಪ್ರೋಸ್ಕೋಪಿ ಮಾಡುತ್ತಾರೆ. ತಾಲ್ಲೂಕು ಕೇಂದ್ರದಲ್ಲಿ ರಾತ್ರಿ ಹೊತ್ತು ಒಬ್ಬರೇ ಸರ್ಜನ್ ‘ಹೊಟ್ಟೆ ತೆರೀತೀನಿ’ ಅಂದರೆ ಅದು ಹಳೆಯ ಕಾಲದ ವಿಧಾನ ಅಂತ ವಾದ ಮಾಡಬೇಡಿ. ಒಡೆದ ಟ್ಯೂಬನ್ನು ಆಪರೇಷನ್ ಮಾಡಿ ತೆಗೆದು ಹೆಂಗಸಿನ ಜೀವ ಉಳಿಸಬಹುದು ಅಂತ 1883ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಲಾಸನ್ ಟೇಟ್ ತೋರಿಸಿದ್ದು ಹೊಟ್ಟೆ ತೆರೆದೇ. ಆ ದಾರಿ ಇವತ್ತಿಗೂ ಜೀವ ಉಳಿಸುತ್ತಿದೆ. ಲ್ಯಾಪ್ರೋಸ್ಕೋಪಿ ಇರುವ ಊರು ಹುಡುಕಿಕೊಂಡು ರಕ್ತ ಸುರಿಯುವ ಹೆಂಗಸನ್ನು ಆಂಬುಲೆನ್ಸಿನಲ್ಲಿ ಎರಡು ಗಂಟೆ ಸುತ್ತಿಸುವುದಕ್ಕಿಂತ ಇದ್ದಲ್ಲೇ ಹೊಟ್ಟೆ ತೆರೆಯುವುದು ಎಷ್ಟೋ ವಾಸಿ.

ಖರ್ಚಿನ ಮಾತೂ ಬರುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ಲ್ಯಾಪ್ರೋಸ್ಕೋಪಿಗೆ ಸಾಮಾನ್ಯವಾಗಿ ಬಿಲ್ಲು ಜಾಸ್ತಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇದಕ್ಕೆ ಏನು ಸಿಗುತ್ತದೆ ಅಂತ ಅಡ್ಮಿಟ್ ಆಗುವಾಗಲೇ ಕೌಂಟರಿನಲ್ಲಿ ಕೇಳಿ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಯಾರಾದರೂ ಮನೆಯಿಂದ ತರಲಿ.

ತಂಗಿಗೆ ಲ್ಯಾಪ್ರೋಸ್ಕೋಪಿಯಲ್ಲೇ ಆಯಿತು. ಎರಡು ಬಾಟಲಿ ರಕ್ತ ಕೊಟ್ಟರು. ಮಾರನೇ ದಿನ ಮತ್ತೆ ಹೆಗಲು ನೋವು ಅಂದಾಗ ನಮ್ಮ ಎದೆ ಧಸಕ್ ಅಂದಿತು. ಈ ಸಲ ಅದು ಹೊಟ್ಟೆಯಲ್ಲಿ ಉಳಿದ ಗ್ಯಾಸಿನಿಂದ ಬಂದ ನೋವು, ಎರಡು ಮೂರು ದಿನಕ್ಕೆ ಹೋಗುತ್ತದೆ ಅಂದರು. ಹೋಯಿತು.

ಟ್ಯೂಬ್ ತೆಗೆಯುವುದಾ, ಉಳಿಸುವುದಾ?

ಎಲ್ಲರ ನಿದ್ದೆ ಕೆಡಿಸುವ ಪ್ರಶ್ನೆ ಇದು.

ಟ್ಯೂಬನ್ನೇ ತೆಗೆಯುವುದಕ್ಕೆ ಸಾಲ್ಪಿಂಜೆಕ್ಟಮಿ ಅನ್ನುತ್ತಾರೆ. ಕೇಸ್ ಶೀಟಿನಲ್ಲಿ ಇದೇ ಹೆಸರು ಇರುತ್ತದೆ. ಟ್ಯೂಬಿಗೆ ರಕ್ತ ಕೊಡುವ ಪದರವನ್ನು ಸುಟ್ಟು, ಕತ್ತರಿಸುತ್ತಾ ಹೋಗಿ, ಗರ್ಭಕೋಶದ ಹತ್ತಿರ ಬಿಡಿಸಿ, ಒಂದು ಚಿಕ್ಕ ಚೀಲಕ್ಕೆ ಹಾಕಿ ತೂತಿನಿಂದ ಹೊರಗೆ ತೆಗೆಯುತ್ತಾರೆ. ಅಂಡಾಶಯವನ್ನು ಮುಟ್ಟುವುದಿಲ್ಲ. ಹಾಗಾಗಿ ಮುಟ್ಟು ನಿಲ್ಲುವುದಿಲ್ಲ, ಹಾರ್ಮೋನು ಕಡಿಮೆಯಾಗುವುದಿಲ್ಲ. ‘ಒಂದು ಕಡೆ ತೆಗೆದರೆ ಎರಡು ತಿಂಗಳಿಗೊಮ್ಮೆ ಮುಟ್ಟಾಗುತ್ತಂತೆ’ ಅಂತ ನಮಗೆ ಒಬ್ಬರು ಹೇಳಿದ್ದರು. ಅದು ಸುಳ್ಳು.

ಟ್ಯೂಬ್ ಉಳಿಸುವುದು ಸಾಲ್ಪಿಂಗಾಟಮಿ. ಹೆಸರು ಹತ್ತಿರ ಹತ್ತಿರ ಕೇಳುತ್ತದೆ, ಕೆಲಸ ಪೂರ್ತಿ ಬೇರೆ. ಬಸಿರು ಕೂತಿರುವ ಉಬ್ಬಿನ ಮೇಲೆ ಒಂದು ಒಂದೂವರೆ ಸೆಂಟಿಮೀಟರ್ ಉದ್ದ ಸೀಳುತ್ತಾರೆ. ನೀರು ಚಿಮ್ಮಿಸಿ ಒಳಗಿನ ಬಸಿರನ್ನು ಮೆಲ್ಲಗೆ ಎಬ್ಬಿಸಿ ಹೊರಗೆ ತೆಗೆಯುತ್ತಾರೆ. ರಕ್ತ ಕಡಿಮೆ ಬರಲಿ ಅಂತ ಕೆಲವರು ಮೊದಲೇ ವ್ಯಾಸೋಪ್ರೆಸಿನ್ ಅನ್ನುವ ಔಷಧಿ ಚುಚ್ಚುತ್ತಾರೆ. ಆ ಸೀಳನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ, ಅದು ತಾನೇ ಕೂಡಿಕೊಳ್ಳುತ್ತದೆ. ಬಸಿರು ಟ್ಯೂಬಿನ ಬಾಯಿಯ ಹತ್ತಿರವೇ ಇದ್ದರೆ ಸೀಳದೆ ಹಿಂಡಿ ಹೊರಗೆ ತೆಗೆಯುವುದೂ ಉಂಟು. ಟ್ಯೂಬಿನ ನಡುವೆ ಇರುವಾಗ ಹಿಂಡಿದರೆ ಗೋಡೆಗೆ ಪೆಟ್ಟಾಗುತ್ತದೆ, ಚೂರು ಉಳಿದುಬಿಡುತ್ತದೆ.

ಕೇಳಿದ ತಕ್ಷಣ ಉಳಿಸುವುದೇ ಸರಿ ಅನಿಸುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ದೇವರು ಕೊಟ್ಟ ಅಂಗ, ಯಾಕೆ ತೆಗೆಯಬೇಕು? ಆದರೆ 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಯುರೋಪ್ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ 446 ಹೆಂಗಸರನ್ನು ಸೇರಿಸಿಕೊಂಡಿದ್ದರು. ಎಲ್ಲರಿಗೂ ಒಂದು ಟ್ಯೂಬಿನಲ್ಲಿ ಬಸಿರು, ಇನ್ನೊಂದು ಟ್ಯೂಬ್ ಚೆನ್ನಾಗಿತ್ತು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಜನಕ್ಕೆ ಟ್ಯೂಬ್ ತೆಗೆಯುವುದು, ಉಳಿದವರಿಗೆ ಉಳಿಸುವುದು ಅಂತ ಹಂಚಿದರು. ಮೂರು ವರ್ಷ ಕಾದು ನೋಡಿದರು. ತಾನಾಗಿ ಬಸಿರು ನಿಂತವರು ಟ್ಯೂಬ್ ಉಳಿಸಿದವರಲ್ಲಿ ನೂರಕ್ಕೆ 60.7, ತೆಗೆದವರಲ್ಲಿ 56.2. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಚಿಕ್ಕದು.

ಉಳಿಸಿದ್ದಕ್ಕೆ ಕೊಟ್ಟ ಬೆಲೆಯೂ ಅದರಲ್ಲೇ ಇದೆ. ಉಳಿಸಲು ಹೊರಟ ಐವರಲ್ಲಿ ಒಬ್ಬರಿಗೆ ರಕ್ತ ನಿಲ್ಲದೆ ಟೇಬಲ್ ಮೇಲೆಯೇ ಟ್ಯೂಬ್ ತೆಗೆಯಬೇಕಾಯಿತು. ಬಸಿರಿನ ಚೂರು ಒಳಗೆ ಉಳಿದು ಮತ್ತೆ ಬೆಳೆದದ್ದು ಉಳಿಸಿದವರಲ್ಲಿ ನೂರಕ್ಕೆ 7, ತೆಗೆದವರಲ್ಲಿ ಒಂದಕ್ಕಿಂತಲೂ ಕಡಿಮೆ. ಮತ್ತೆ ಎಕ್ಟೋಪಿಕ್ ಆದದ್ದು ಉಳಿಸಿದವರಲ್ಲಿ 8, ತೆಗೆದವರಲ್ಲಿ 5.

ಇದನ್ನು ಓದಿದ ದಿನ ನಾನು ತಂಗಿಗೆ ಫೋನ್ ಮಾಡಿದೆ. ಅವಳ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತ್ತು. ಇನ್ನೊಂದು ಟ್ಯೂಬ್ ಚೆನ್ನಾಗಿದ್ದರೆ, ಒಂದು ತೆಗೆದ ಮಾತ್ರಕ್ಕೆ ತಾಯಿಯಾಗುವ ದಾರಿ ಮುಚ್ಚುವುದಿಲ್ಲ. ಬಲಗಡೆ ಅಂಡಾಶಯ ಬಿಟ್ಟ ಅಂಡವನ್ನು ಎಡಗಡೆ ಟ್ಯೂಬ್ ಎಳೆದುಕೊಳ್ಳುವುದೂ ಉಂಟು.

ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಈ ಟ್ಯೂಬ್ ಉಳಿಸ್ತೀರಾ?’ ಅಲ್ಲ. ‘ಇನ್ನೊಂದು ಟ್ಯೂಬ್ ಹೇಗಿದೆ?’ ಅನ್ನುವುದು. ಅದನ್ನು ಸ್ಕ್ಯಾನಿನಲ್ಲಿ ಸರಿಯಾಗಿ ಹೇಳಲು ಆಗುವುದಿಲ್ಲ. ಕ್ಯಾಮೆರಾ ಒಳಗೆ ಹೋದ ಮೇಲೇ ಗೊತ್ತಾಗುವುದು. ಆದ್ದರಿಂದ ಸಹಿ ಹಾಕುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ: ಇನ್ನೊಂದು ಚೆನ್ನಾಗಿದ್ದರೆ ಏನು ಮಾಡ್ತೀರಿ, ಕೆಟ್ಟಿದ್ದರೆ ಏನು ಮಾಡ್ತೀರಿ, ನಮಗೆ ಮುಂದೆ ಮಕ್ಕಳು ಬೇಕು ಅಥವಾ ಬೇಡ. ಇಷ್ಟು ಹೇಳಲು ಎರಡು ನಿಮಿಷ ಸಾಕು.

ಇನ್ನೊಂದು ಟ್ಯೂಬ್ ಮೊದಲೇ ಹೋಗಿದ್ದರೆ, ಅಥವಾ ಸೋಂಕಿನಿಂದ ಮುಚ್ಚಿಕೊಂಡು ಅಂಟಿಕೊಂಡಿದ್ದರೆ, ಮಕ್ಕಳು ಬೇಕು ಅನ್ನುವವರಿಗೆ ಉಳಿಸುವ ಪ್ರಯತ್ನಕ್ಕೆ ಅರ್ಥವಿದೆ. ಬ್ರಿಟನ್ನಿನ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸಾಮಾನ್ಯವಾಗಿ ತೆಗೆಯಿರಿ, ಇನ್ನೊಂದು ಕಡೆ ಹಾಳಾಗಿರುವಂಥ ತೊಂದರೆ ಇದ್ದರೆ ಉಳಿಸುವುದನ್ನು ಯೋಚಿಸಿ. ಹಾಗೆ ಉಳಿಸಿದರೆ ಹೆಚ್ಚೆಂದರೆ ಐವರಲ್ಲಿ ಒಬ್ಬರಿಗೆ ಆಮೇಲೆ ಮೆಥೋಟ್ರೆಕ್ಸೇಟ್ ಇಂಜೆಕ್ಷನ್ನೋ ಮತ್ತೊಂದು ಆಪರೇಷನ್ನೋ ಬೇಕಾಗಬಹುದು ಅಂತ ಮೊದಲೇ ತಿಳಿಸಬೇಕು ಅಂತಲೂ ಅದರಲ್ಲಿದೆ.

ಉಳಿಸಿದವರಿಗೆ ಒಂದು ಕಡ್ಡಾಯ ಕೆಲಸ ಇದೆ. ಆಪರೇಷನ್ ಆಗಿ ಒಂದು ವಾರಕ್ಕೆ ಬೀಟಾ ಎಚ್‌ಸಿಜಿ ಪರೀಕ್ಷೆ, ಆಮೇಲೆ ಪೂರ್ತಿ ಇಳಿಯುವ ತನಕ ವಾರ ವಾರ ಅದೇ ಪರೀಕ್ಷೆ. ತಪ್ಪಿಸಿದರೆ ಒಳಗೆ ಉಳಿದ ಚೂರು ಬೆಳೆದು ಅದೇ ಟ್ಯೂಬ್ ಮತ್ತೆ ಒಡೆಯಬಹುದು. ಟ್ಯೂಬ್ ತೆಗೆದವರಿಗೆ ಇಷ್ಟು ಓಡಾಟ ಇಲ್ಲ, ಮೂರು ವಾರಕ್ಕೆ ಮನೆಯಲ್ಲೇ ಮೂತ್ರದ ಟೆಸ್ಟ್ ಮಾಡಿ ನೆಗೆಟಿವ್ ಬಂದರೆ ಸಾಕು. ಸಕಲೇಶಪುರದ ಆಚೆ, ಎಸ್ಟೇಟಿನ ಲೈನ್ ಮನೆಯಲ್ಲಿ ಇರುವ ಹೆಂಗಸು ಜುಲೈ ಮಳೆಯಲ್ಲಿ ಪ್ರತಿ ವಾರ ಹಾಸನಕ್ಕೆ ಬಂದು ರಕ್ತ ಕೊಡಲು ಆಗುತ್ತಾ? ಆಗುವುದಿಲ್ಲ ಅನಿಸಿದರೆ ಅದನ್ನು ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ದಾರಿ ಎಷ್ಟು ದೂರ ಅನ್ನುವುದೂ ಚಿಕಿತ್ಸೆಯ ಒಂದು ಭಾಗವೇ.

ಟ್ಯೂಬ್ ಛಿದ್ರವಾಗಿದ್ದರೆ, ರಕ್ತ ನಿಲ್ಲದಿದ್ದರೆ, ಅದೇ ಟ್ಯೂಬಿನಲ್ಲಿ ಎರಡನೇ ಸಲ ಆಗಿದ್ದರೆ ಹೆಚ್ಚಾಗಿ ತೆಗೆದುಬಿಡುತ್ತಾರೆ. ಹರಿದ ಟ್ಯೂಬನ್ನು ಒತ್ತಾಯ ಮಾಡಿ ಉಳಿಸಿಕೊಂಡು ಪ್ರಯೋಜನ ಕಡಿಮೆ.

ಮಕ್ಕಳು ಸಾಕು ಅಂದವರ ವಿಷಯ

ವಾರ್ಡಿನಲ್ಲಿ ತಂಗಿಯ ಪಕ್ಕದ ಬೆಡ್ಡಿನಲ್ಲಿ ಒಬ್ಬರಿದ್ದರು. ಎರಡು ಮಕ್ಕಳಾದ ಮೇಲೆ ಆರು ವರ್ಷದ ಹಿಂದೆ ಟ್ಯೂಬೆಕ್ಟಮಿ, ಅಂದರೆ ಮುಂದೆ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್, ಮಾಡಿಸಿಕೊಂಡವರು. ‘ಆಪರೇಷನ್ ಆಗಿದೆಯಲ್ಲ, ಬಸಿರು ಹೇಗಾಗುತ್ತೆ’ ಅಂತ ಹೊಟ್ಟೆನೋವನ್ನು ಎರಡು ದಿನ ತಡೆದುಕೊಂಡಿದ್ದರು. ಇದು ನಮ್ಮ ಹೆಂಗಸರಿಗೆಲ್ಲ ಗೊತ್ತಿರಬೇಕು. ಟ್ಯೂಬೆಕ್ಟಮಿ ಆದ ಮೇಲೆ ಬಸಿರಾಗುವುದು ಬಹಳ ಅಪರೂಪ. ಆದರೆ ಹಾಗೆ ಬಸಿರಾದರೆ, ಸುಮಾರು ಮೂರರಲ್ಲಿ ಒಂದು ಎಕ್ಟೋಪಿಕ್ ಆಗಿರುತ್ತದೆ. ಕಾಪರ್ ಟಿ ಹಾಕಿಸಿಕೊಂಡವರೂ ತಿಂಗಳು ತಪ್ಪಿದರೆ ತಡ ಮಾಡಬಾರದು.

ಇವರಿಗೆ ಆಯ್ಕೆ ಸುಲಭ. ಮಕ್ಕಳು ಬೇಡ ಅಂದಮೇಲೆ ಟ್ಯೂಬ್ ಉಳಿಸಿ ಏನು ಮಾಡುವುದು? ಎರಡೂ ಕಡೆಯದನ್ನು ತೆಗೆಸಿಕೊಳ್ಳುವ ಬಗ್ಗೆಯೂ ಡಾಕ್ಟರನ್ನು ಕೇಳಬಹುದು. ಇನ್ನೊಂದು ಕಡೆ ಹೀಗೇ ಆಗುವ ಭಯ ಹೋಗುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲಿ ಒಂದು ಬಗೆ ಶುರುವಾಗುವುದೇ ಟ್ಯೂಬಿನಲ್ಲಿ ಅಂತ ಈಗ ಗೊತ್ತಾಗಿದೆ, ಅದರ ಅಪಾಯವೂ ಕಡಿಮೆಯಾಗುತ್ತದೆ. ಆದರೆ ಇದು ಆ ಹೆಂಗಸೇ ಹೇಳಬೇಕಾದ ಮಾತು. ಗಂಡನೋ ಅತ್ತೆಯೋ ಅವಳ ಪರವಾಗಿ ಹೇಳುವಂಥದ್ದಲ್ಲ.

ಐವಿಎಫ್ ಮಾಡಿಸಬೇಕು ಅಂತ ಮೊದಲೇ ತೀರ್ಮಾನ ಆಗಿರುವವರ ಲೆಕ್ಕವೂ ಹೀಗೇ. ಐವಿಎಫ್‌ನಲ್ಲಿ ಅಂಡವನ್ನು ಅಂಡಾಶಯದಿಂದ ನೇರವಾಗಿ ತೆಗೆದು, ಭ್ರೂಣವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುತ್ತಾರೆ. ನಡುವೆ ಟ್ಯೂಬಿನ ಕೆಲಸವೇ ಇಲ್ಲ. 1978ರಲ್ಲಿ ಹುಟ್ಟಿದ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಅವರ ತಾಯಿಗೆ ಎರಡೂ ಟ್ಯೂಬ್ ಮುಚ್ಚಿದ್ದವು. ಹಾಳಾಗಿ ನೀರು ತುಂಬಿದ ಟ್ಯೂಬ್ ಇದ್ದರೆ ಐವಿಎಫ್‌ಗೆ ಮೊದಲು ಅದನ್ನು ತೆಗೆಯಲು ಡಾಕ್ಟರುಗಳೇ ಹೇಳುತ್ತಾರೆ. ಎರಡೂ ಟ್ಯೂಬ್ ಕಳೆದುಕೊಂಡವರಿಗೂ ಇದೇ ದಾರಿ. ಖರ್ಚಿನದು ಹೌದು, ಆದರೆ ದಾರಿ ಇದೆ.

ಟ್ಯೂಬ್ ಬಿಟ್ಟು ಬೇರೆ ಕಡೆ ಇದ್ದರೆ

ಇದು ಅಪರೂಪ, ಆದ್ದರಿಂದ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಟ್ಯೂಬ್ ಗರ್ಭಕೋಶದ ಗೋಡೆಯೊಳಗೆ ಹಾದು ಬರುವ ಜಾಗದಲ್ಲಿ ಬಸಿರು ಕೂತರೆ ತಡವಾಗಿ ಒಡೆಯುತ್ತದೆ, ಒಡೆದಾಗ ರಕ್ತ ಬಹಳ ಹೋಗುತ್ತದೆ. ಆ ಮೂಲೆಯನ್ನೇ ಸ್ವಲ್ಪ ಕತ್ತರಿಸಿ ಹೊಲಿಯಬೇಕಾಗಬಹುದು. ಮುಂದಿನ ಹೆರಿಗೆ ಹೇಗಾಗಬೇಕು ಅನ್ನುವುದಕ್ಕೆ ಆ ಹೊಲಿಗೆಯ ವಿವರ ಬೇಕಾಗುತ್ತದೆ. ಅಂಡಾಶಯದ ಮೇಲಿದ್ದರೆ ಆ ಭಾಗ ಮಾತ್ರ ತೆಗೆದು ಉಳಿದದ್ದನ್ನು ಬಿಡಲು ನೋಡುತ್ತಾರೆ. ಹಳೆಯ ಸಿಸೇರಿಯನ್ ಗಾಯದಲ್ಲಿ ಕೂತ ಬಸಿರು ಬೇರೆಯೇ ವಿಷಯ. ಸಿಸೇರಿಯನ್ ಹೆಚ್ಚಾದಂತೆ ಇದೂ ಹೆಚ್ಚು ಕಾಣುತ್ತಿದೆ. ಇದಕ್ಕೆ ಅನುಭವ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಸ್ಥಿತಿ ಸ್ಥಿರವಾಗಿದ್ದರೆ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕಳಿಸಿಕೊಡಿ ಅಂತ ಕೇಳಿ.

ಥಿಯೇಟರಿಂದ ಹೊರಗೆ ಬಂದ ಮೇಲೆ

ಆಪರೇಷನ್ ಮುಗಿದ ಮೇಲೆ ಡಾಕ್ಟರ್ ಒಂದು ಕಿಡ್ನಿ ಟ್ರೇ ಹಿಡಿದು ಹೊರಗೆ ಬಂದರು. ಭಾವ ಆ ಕಡೆ ತಿರುಗಿಕೊಂಡರು. ನಾನು ನೋಡಿದೆ. ಕಿರುಬೆರಳಿನಷ್ಟು ಉದ್ದದ ಒಂದು ತುಂಡು. ನಡುವೆ ನೇರಳೆ ಹಣ್ಣಿನ ಗಾತ್ರದ ಉಬ್ಬು, ಬಣ್ಣವೂ ಹಾಗೇ. ಉಬ್ಬಿನ ಒಂದು ಮಗ್ಗುಲಲ್ಲಿ ಉಗುರಿನಷ್ಟು ಸೀಳು, ಅದರ ತುಂಬ ಹೆಪ್ಪುಗಟ್ಟಿದ ರಕ್ತ. ‘ಇಲ್ಲಿ ಒಡೆದಿತ್ತು’ ಅಂತ ಚಿಮಟದ ತುದಿಯಿಂದ ತೋರಿಸಿದರು. ಇಷ್ಟು ಸಣ್ಣ ಸೀಳಿನಿಂದ ಒಂದು ಲೀಟರ್ ಹತ್ತಿರ ರಕ್ತ ಹೋಗಿತ್ತು. ಆಮೇಲೆ ಅವರು, ‘ಎಡಗಡೆದು ಚೆನ್ನಾಗಿದೆಯಮ್ಮ, ಹೆದರಬೇಡಿ’ ಅಂದರು. ಆ ಮಾತು ಎಷ್ಟು ದೊಡ್ಡದು ಅಂತ ಆವತ್ತು ನನಗೆ ಗೊತ್ತಾಗಲಿಲ್ಲ.

ಆ ತುಂಡು ಬಯಾಪ್ಸಿಗೆ ಹೋಗಬೇಕು. ಬಸಿರು ಅಲ್ಲೇ ಇತ್ತಾ, ಟ್ಯೂಬಿನಲ್ಲಿ ಟಿಬಿಯ ಗುರುತು ಇದೆಯಾ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಟಿಬಿ ಇದ್ದರೆ ಮುಂದಿನ ಬಸಿರಿಗೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಡಿಸ್ಚಾರ್ಜ್ ಆಗಿರುತ್ತದೆ, ಎಷ್ಟೋ ಜನ ತರಲು ಹೋಗುವುದೇ ಇಲ್ಲ. ಹೋಗಿ ತನ್ನಿ.

ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಆಗಬೇಕು. ಗಲಾಟೆಯಲ್ಲಿ ಇದು ಮರೆತುಹೋಗಬಹುದು. ಕೇಳಿ, ಕೊಟ್ಟಿದ್ದರೆ ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಮುಂದಿನ ಬಸಿರಿಗೆ ಎಷ್ಟು ಕಾಯಬೇಕು? ಬರೀ ಆಪರೇಷನ್ ಆಗಿದ್ದರೆ ಎರಡು ಮೂರು ಮುಟ್ಟು ಸರಿಯಾಗಿ ಆಗಲಿ ಅನ್ನುತ್ತಾರೆ. ಮೆಥೋಟ್ರೆಕ್ಸೇಟ್ ತೆಗೆದುಕೊಂಡಿದ್ದರೆ ಕಡಿಮೆ ಅಂದರೂ ಮೂರು ತಿಂಗಳು. ಮನಸ್ಸು ಸುಧಾರಿಸಲು ಇದಕ್ಕಿಂತ ಜಾಸ್ತಿ ಬೇಕಾದರೆ ಜಾಸ್ತಿ ಕಾಯಿರಿ. ತಂಗಿ ಎರಡು ತಿಂಗಳು ಯಾರ ಸೀಮಂತಕ್ಕೂ ಹೋಗಲಿಲ್ಲ. ‘ಅದು ಮಗುವೇ ಆಗಿರಲಿಲ್ಲ ಬಿಡು’ ಅಂತ ಸಮಾಧಾನ ಹೇಳಿದವರ ಮನೆಗೂ ಹೋಗಲಿಲ್ಲ. ನಾವು ಯಾರೂ ಬಲವಂತ ಮಾಡಲಿಲ್ಲ.

ಡಿಸ್ಚಾರ್ಜ್ ಆಗುವ ದಿನ ನಾನು ಒಂದೇ ಒಂದು ಕೆಲಸ ಸರಿಯಾಗಿ ಮಾಡಿದೆ. ಸಮ್ಮರಿಯಲ್ಲಿ ‘ಎಕ್ಟೋಪಿಕ್‌ಗೆ ಆಪರೇಷನ್ ಆಗಿದೆ’ ಅಂತ ಮಾತ್ರ ಇತ್ತು. ವಾಪಸ್ ಹೋಗಿ, ಡಾಕ್ಟರ್ ಬಾಯಲ್ಲಿ ಹೇಳಿದ್ದನ್ನೆಲ್ಲ ಬರೆಸಿದೆ: ಯಾವ ಕಡೆ, ಟ್ಯೂಬಿನ ಯಾವ ಭಾಗ, ತೆಗೆದರಾ ಉಳಿಸಿದರಾ, ಇನ್ನೊಂದು ಟ್ಯೂಬ್ ಹೇಗಿತ್ತು, ಒಳಗೆ ಅಂಟು ಇತ್ತಾ, ಎಷ್ಟು ರಕ್ತ ಕೊಟ್ಟರು. ಅವರೂ ಬೇಸರ ಮಾಡಿಕೊಳ್ಳದೆ ಬರೆದುಕೊಟ್ಟರು.

ಒಂದೂವರೆ ವರ್ಷದ ಮೇಲೆ ತಂಗಿಗೆ ಮತ್ತೆ ತಿಂಗಳು ತಪ್ಪಿತು. ಆಗ ಅವಳು ಮೈಸೂರಿನಲ್ಲಿದ್ದಳು. ಒಮ್ಮೆ ಎಕ್ಟೋಪಿಕ್ ಆದವರು ಮುಂದಿನ ಬಸಿರಿನಲ್ಲಿ ಮೂರು ತಿಂಗಳ ಸ್ಕ್ಯಾನಿಗೆ ಕಾಯಬಾರದು. ಆರನೇ ಏಳನೇ ವಾರದಲ್ಲೇ ಒಳಗಿನಿಂದ ಮಾಡುವ ಸ್ಕ್ಯಾನ್ ಆಗಬೇಕು, ಬಸಿರು ಎಲ್ಲಿ ಕೂತಿದೆ ಅಂತ ಖಚಿತ ಮಾಡಿಕೊಳ್ಳಬೇಕು. ಅವಳು ಆರು ವಾರಕ್ಕೆ ಹೋದಳು. ಹೊಸ ಡಾಕ್ಟರ್ ಫೈಲು ತೆರೆದು, ಪೆನ್ನಿನಲ್ಲಿ ಬರೆದಿದ್ದ ಆ ಭಾಗವನ್ನೇ ಮೊದಲು ಓದಿದರು. ‘ಎಡಗಡೆ ಟ್ಯೂಬ್ ಚೆನ್ನಾಗಿದೆ, ಅಂಟು ಇಲ್ಲ.’ ಆಮೇಲೆ ಪರದೆಯನ್ನು ಅವಳ ಕಡೆ ತಿರುಗಿಸಿ, ಗರ್ಭಕೋಶದ ನಡುವೆ ಕೂತಿದ್ದ ಒಂದು ಚಿಕ್ಕ ಕಪ್ಪು ಚುಕ್ಕಿಯನ್ನು ತೋರಿಸಿದರು.